ಬೆಕ್ಕಿಗೆ ಅರ್ಜಿನೀನ್ ಏಕೆ ಅಗತ್ಯ?

ಅಗತ್ಯ ಅಮೈನೊ ಆಮ್ಲದ ಕೊರತೆ ಎಂದೊಡನೆ ನಿಮಗೆ ನೆನಪಾಗುವುದು ತೂಕ ಇಳಿದ, ಬೆಳವಣಿಗೆ ಕುಂಠಿತವಾದ ಪ್ರಾಣಿ. ಇಂಥ ಲಕ್ಷಣಗಳು ಕಾಣಲು ದಿನಗಳು, ವಾರಗಳು ಬೇಕು. ಆದರೆ ಒಂದೇ ಒಂದು ಊಟದಲ್ಲಿ ಒಂದು ಅಮೈನೊ ಆಮ್ಲ ಇಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ ಬರುವುದುಂಟೆ? ಬೆಕ್ಕಿನಲ್ಲಿ ಉಂಟು. ಆ ಅಮೈನೊ ಆಮ್ಲ ಅರ್ಜಿನೀನ್.

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾರಿಸ್ ಮತ್ತು ರಾಜರ್ಸ್ 1978ರಲ್ಲಿ ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ರಾತ್ರಿ ಉಪವಾಸವಿದ್ದ ಬೆಕ್ಕುಗಳಿಗೆ ಅರ್ಜಿನೀನ್ ಒಂದನ್ನು ಮಾತ್ರ ಬಿಟ್ಟ ಆಹಾರವನ್ನು ಒಮ್ಮೆ ಕೊಟ್ಟಾಗ, ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅಮೋನಿಯ ಏರಿತು. ವಾಂತಿ, ತೂರಾಟ, ಸ್ನಾಯುಗಳ ಸೆಟೆತ ಕಾಣಿಸಿಕೊಂಡವು. ಅರ್ಜಿನೀನ್ ಬದಲು ಆರ್ನಿಥೀನ್ ಸೇರಿಸಿದಾಗ ಈ ತೊಂದರೆ ತಪ್ಪಿತು.

ಒಗಟನ್ನು ಬಿಡಿಸುವ ಸುಳಿವು ಇರುವುದು ಇಲ್ಲಿಯೇ. ಪ್ರೋಟೀನು ವಿಭಜನೆಯಾದಾಗ ಹುಟ್ಟುವ ವಿಷಕಾರಿ ಅಮೋನಿಯವನ್ನು ಯಕೃತ್ತು ಯೂರಿಯವಾಗಿ ಮಾರ್ಪಡಿಸುತ್ತದೆ. 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ವಿವರಿಸಿದ ಯೂರಿಯ ಚಕ್ರ ಇದೇ. ಬಾವಿಯಿಂದ ನೀರು ಸೇದುವ ಕೊಡವನ್ನು ಕಲ್ಪಿಸಿಕೊಳ್ಳಿ. ಆರ್ನಿಥೀನ್ ಖಾಲಿ ಕೊಡ. ಅದು ಅಮೋನಿಯದ ನೈಟ್ರೊಜನ್ನನ್ನು ತುಂಬಿಕೊಂಡು ಸಿಟ್ರುಲಿನ್ ಆಗಿ, ಮುಂದೆ ಇನ್ನಷ್ಟು ನೈಟ್ರೊಜನ್ ಸೇರಿ ಅರ್ಜಿನೀನ್ ಆಗುತ್ತದೆ. ಅರ್ಜಿನೇಸ್ ಕಿಣ್ವ ಅದರಿಂದ ಯೂರಿಯವನ್ನು ಸುರಿದುಬಿಟ್ಟರೆ ಮತ್ತೆ ಖಾಲಿ ಕೊಡ, ಅಂದರೆ ಆರ್ನಿಥೀನ್, ಸಿದ್ಧ.

ಇಲಿಯಂಥ ಪ್ರಾಣಿಗಳು ಕೊಡ ಕಡಿಮೆಯಾದರೆ ತಾವೇ ತಯಾರಿಸಿಕೊಳ್ಳುತ್ತವೆ. ಅವುಗಳ ಕರುಳಿನ ಕೋಶಗಳು ಗ್ಲುಟಮಿಕ್ ಆಮ್ಲದಿಂದ ಆರ್ನಿಥೀನನ್ನೂ ಸಿಟ್ರುಲಿನನ್ನೂ ಉತ್ಪಾದಿಸಬಲ್ಲವು. ಬೆಕ್ಕಿನ ಕರುಳಿನಲ್ಲಿ ಇದಕ್ಕೆ ಬೇಕಾದ ಕಿಣ್ವಗಳ ಚಟುವಟಿಕೆ ತೀರ ಕಡಿಮೆ. ಸಾಲದೆಂಬಂತೆ, ಪ್ರೋಟೀನನ್ನು ಒಡೆಯುವ ಅದರ ಯಕೃತ್ತಿನ ಕಿಣ್ವಗಳು ಆಹಾರ ಕಡಿಮೆಯಾದರೂ ವೇಗ ತಗ್ಗಿಸುವುದಿಲ್ಲ. ಬೇಟೆಯ ಮಾಂಸದಲ್ಲಿ ಅರ್ಜಿನೀನ್ ಸದಾ ಇರುವುದರಿಂದ ಈ ಏರ್ಪಾಡು ಬೆಕ್ಕಿನ ವಂಶಕ್ಕೆ ತೊಡಕಾಗಲಿಲ್ಲ.

ಆರ್ನಿಥೀನ್ ಅಮೋನಿಯದಿಂದ ಕಾಪಾಡಿತು, ಸರಿ. ಹಾಗಾದರೆ ಅರ್ಜಿನೀನ್ ಬೇಡವೇ ಬೇಡವೆ? ಬೇಕು. ಯಕೃತ್ತಿನಲ್ಲಿ ಆದ ಅರ್ಜಿನೀನ್ ಅಲ್ಲಿಯೇ ಒಡೆದುಹೋಗುತ್ತದೆ. ದೇಹದ ಪ್ರೋಟೀನು ಕಟ್ಟಲು ಹೊರಗೆ ಬರುವುದಿಲ್ಲ. ಆದ್ದರಿಂದ ಆರ್ನಿಥೀನ್ ತಿಂದ ಮರಿ ಬದುಕಿದರೂ ಸರಿಯಾಗಿ ಬೆಳೆಯದು. ಸಿಟ್ರುಲಿನ್ ಕೊಟ್ಟರೆ ಬೆಳೆಯುತ್ತದೆ, ಏಕೆಂದರೆ ಮೂತ್ರಪಿಂಡಗಳು ಅದನ್ನು ಅರ್ಜಿನೀನ್ ಮಾಡಿ ರಕ್ತಕ್ಕೆ ಬಿಡುತ್ತವೆ.

(ಕೋಳಿಗೂ ಅರ್ಜಿನೀನ್ ಅಗತ್ಯವೇ. ಆದರೆ ಕಾರಣ ಬೇರೆ: ಅದು ನೈಟ್ರೊಜನ್ನನ್ನು ಯೂರಿಕ್ ಆಮ್ಲವಾಗಿ ಹೊರಹಾಕುತ್ತದೆ, ಪೂರ್ಣ ಯೂರಿಯ ಚಕ್ರವೇ ಅದಕ್ಕಿಲ್ಲ. ತರಗತಿಯಲ್ಲಿ ಕೇಳಲು ಒಳ್ಳೆಯ ಪ್ರಶ್ನೆ.)

ಮನೆಯಲ್ಲಿ ಹಾಲನ್ನ ತಿನ್ನುವ ಬೆಕ್ಕು ಹೀಗೆ ಬೀಳುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಅನ್ನದಲ್ಲೂ ಹಾಲಿನಲ್ಲೂ ಅರ್ಜಿನೀನ್ ಇದೆ. ಅಲ್ಲಿ ಕಾಡುವುದು ಸಸ್ಯಾಹಾರದಲ್ಲಿ ಬಹುತೇಕ ಇಲ್ಲದ ಟಾರೀನ್‌ನ ಕೊರತೆ. ಅದು ಕಣ್ಣನ್ನೂ ಹೃದಯವನ್ನೂ ನಿಧಾನವಾಗಿ ಕೆಡಿಸುತ್ತದೆ. ಅರ್ಜಿನೀನ್ ವಿಷಯದಲ್ಲಿ ಎಚ್ಚರ ಬೇಕಾದದ್ದು ದಿನಗಟ್ಟಲೆ ಆಹಾರ ಬಿಟ್ಟ ಬೆಕ್ಕಿಗೆ ನಳಿಕೆಯ ಮೂಲಕ ಉಣಿಸುವಾಗ. ಮನುಷ್ಯ ರೋಗಿಗಳಿಗೆಂದು ತಯಾರಿಸಿದ ದ್ರವಾಹಾರದಲ್ಲಿ ಬೆಕ್ಕಿಗೆ ಸಾಲುವಷ್ಟು ಅರ್ಜಿನೀನ್ ಇಲ್ಲದಿರಬಹುದು. ಅದನ್ನು ಬಳಸುವ ಮುನ್ನ ಪಶುವೈದ್ಯರು ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿಕೊಳ್ಳುತ್ತಾರೆ.