ತಾಲ್ಲೂಕಿನಲ್ಲೇ ತುರ್ತು ಚಿಕಿತ್ಸೆ

ದೊಡ್ಡ ಆಸ್ಪತ್ರೆಯ ಕಟ್ಟಡದಿಂದ ಪ್ರತ್ಯೇಕವಾಗಿ, ಹಗಲಿರುಳೂ ತೆರೆದಿದ್ದು, ಅಪಾಯದಲ್ಲಿರುವ ರೋಗಿಯ ಉಸಿರಾಟ, ರಕ್ತದೊತ್ತಡಗಳನ್ನು ಹತೋಟಿಗೆ ತಂದು ಮುಂದಿನ ಚಿಕಿತ್ಸೆಗೆ ಕಳುಹಿಸುವ ಸ್ವತಂತ್ರ ತುರ್ತು ಚಿಕಿತ್ಸಾ ಕೇಂದ್ರಗಳು ಅಮೆರಿಕದಲ್ಲಿ 1970ರ ದಶಕದಿಂದ ಬೆಳೆದುಬಂದಿವೆ. ಆದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬಗಳಲ್ಲಿ ಈ ಹೊಣೆಯನ್ನು ಬಹುಮಟ್ಟಿಗೆ ತಾಲ್ಲೂಕು ಆಸ್ಪತ್ರೆಗಳೇ ಹೊರಬೇಕಾಗಿದೆ; ಏಕೆಂದರೆ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಮೆಗ್ಗಾನ್ ಇರುವ ಶಿವಮೊಗ್ಗ ಶಿಕಾರಿಪುರದಿಂದ ಸುಮಾರು 50 ಕಿ.ಮೀ. ದೂರದಲ್ಲಿದ್ದು, ಸೊರಬದವರಿಗೆ ಆ ದಾರಿ ಇನ್ನೂ ಉದ್ದವಾಗುತ್ತದೆ.

2008ರಲ್ಲಿ ಆರಂಭವಾದ ‘ಆರೋಗ್ಯ ಕವಚ’ದ 108 ಆಂಬ್ಯುಲೆನ್ಸ್ ರೋಗಿಯನ್ನು ಸಾಗಿಸುತ್ತದೆ, ನಿಜ, ಆದರೆ ಗದ್ದೆಯಲ್ಲಿ ನಾಗರಹಾವು ಕಚ್ಚಿದಾಗ ಉಸಿರಾಟದ ಸ್ನಾಯುಗಳು ಸೋಲುವ ಮೊದಲೇ, ವಿಷದ ಪ್ರಭಾವವನ್ನು ತಡೆಯುವ ಪ್ರತಿವಿಷ ದೇಹ ಸೇರಬೇಕಾದ್ದರಿಂದ, ಹತ್ತಿರದಲ್ಲೇ ಚಿಕಿತ್ಸೆ ಸಿಗುವುದು ಜೀವನ್ಮರಣದ ವಿಷಯ. ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತೋರಿಸಿದ ಮಾರ್ಗವೂ ಇದೇ: ಸ್ಥಳೀಯ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆಯನ್ನು, ದೂರದ ತಜ್ಞರು ಪರಿಶೀಲಿಸಿದ ಮೇಲೆ, ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ.

ತೀವ್ರವಾದಾಗ ರಕ್ತಸ್ರಾವಕ್ಕೂ ಕಾರಣವಾಗಬಲ್ಲ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಸೊರಬ ತಾಲ್ಲೂಕಿನದೇ ಆಗಿರುವಾಗ, ಇಲ್ಲಿಗೆ ಹೊಸ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ರಾತ್ರಿಯೂ ಕರ್ತವ್ಯದಲ್ಲಿರುವ, ಶ್ವಾಸನಾಳಕ್ಕೆ ಕೊಳವೆ ಹಾಕಲು ಬಲ್ಲ ವೈದ್ಯರು, ಆಮ್ಲಜನಕ ಮತ್ತು ರಕ್ತದ ದಾಸ್ತಾನು.