ರಸ್ತೆ ಅಗಲ ಆಗುವ ಮೊದಲು



ನಂಜನಗೂಡಿನಲ್ಲಿ ಬಸ್ಸು ಹತ್ತಿ. ಮೈಸೂರಿಗೆ ಬನ್ನಿ. ಅಲ್ಲಿಂದ ತಿ. ನರಸೀಪುರಕ್ಕೆ ಹೋಗಿ. ಬಸ್ಸು ಎರಡು. ಆದರೆ ಹೆದ್ದಾರಿ ಒಂದೇ! ಅದು ರಾಷ್ಟ್ರೀಯ ಹೆದ್ದಾರಿ 766. ಕೇರಳದ ಕೋಳಿಕ್ಕೋಡಿನಲ್ಲಿ ಶುರುವಾಗುತ್ತೆ. ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ ದಾಟಿ ಕೊಳ್ಳೇಗಾಲ ಸೇರುತ್ತೆ. ಮೊದಲು ಇದರ ನಂಬರು 212 ಇತ್ತು. ರಾಷ್ಟ್ರೀಯ ಹೆದ್ದಾರಿಯ ಮೈಲಿಗಲ್ಲಿಗೆ ತಲೆಯ ಮೇಲೆ ಹಳದಿ ಬಣ್ಣ. ಮುಂದಿನ ಸಲ ಹೋಗುವಾಗ ಕಲ್ಲು ಓದಿ ನೋಡಿ. ಈಗ ನಿಮಗೆ ಓದಲು ಬರುತ್ತಲ್ಲ!

ನಮ್ಮ ತರಗತಿಗೆ ಬರುವ ಒಬ್ಬ ಅಕ್ಕ ಇದ್ದಾರೆ. ರಸ್ತೆ ಪಕ್ಕದಲ್ಲೇ ಮನೆ. ಮುಂದಿನ ಜಗುಲಿಯಲ್ಲಿ ಸಣ್ಣ ಅಂಗಡಿ. ಒಂದು ಸಂಜೆ ಕೇಳಿದರು:

"ಟೀಚರಮ್ಮ, ರಸ್ತೆ ಅಗಲ ಮಾಡ್ತಾರಂತೆ. ನಮ್ಮ ಜಗುಲಿ ಹೋಯ್ತದಂತೆ. ಯಾರನ್ನ ಕೇಳಾದು?"

ನನಗೂ ಗೊತ್ತಿರಲಿಲ್ಲ. ಕೇಳಿ, ಓದಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಮನೆಯನ್ನೇ ನೋಡಿ. ಒಲೆ ಒಂದು ಕಡೆ. ಕೊಟ್ಟಿಗೆ ಒಂದು ಕಡೆ. ಬಚ್ಚಲು ಒಂದು ಕಡೆ. ದೇವರ ಮೂಲೆ ಬೇರೆ. ಬಚ್ಚಲ ನೀರು ಒಲೆ ಕಡೆ ಹರಿದರೆ ಬಿಡ್ತೀವಾ? ಊರಿಗೂ ಹಾಗೇ. ಮನೆ ಎಲ್ಲಿ, ಅಂಗಡಿ ಎಲ್ಲಿ, ಕಾರ್ಖಾನೆ ಎಲ್ಲಿ ಅಂತ ಮೊದಲೇ ಗುರುತು ಮಾಡುತ್ತಾರೆ. ಹೀಗೆ ಗುರುತಿಸಿದ ಭಾಗಕ್ಕೆ 'ವಲಯ' ಅಂತಾರೆ. ವಲಯಗಳನ್ನು ತೋರಿಸುವ ದೊಡ್ಡ ನಕ್ಷೆಗೆ 'ಮಹಾಯೋಜನೆ' ಅಂತ ಹೆಸರು. ಇದಕ್ಕೆ 1961ರ ಕಾಯ್ದೆ ಇದೆ.

ನಕ್ಷೆ ಓದುವುದು ಕಷ್ಟವಲ್ಲ. ಬಣ್ಣ ನೋಡಿದರೆ ಸಾಕು. ಹಳದಿ ಅಂದರೆ ಮನೆಗಳು. ನೀಲಿ ಅಂದರೆ ಅಂಗಡಿ ಬೀದಿ. ನೇರಳೆ ಅಂದರೆ ಕಾರ್ಖಾನೆ. ಕೆಂಪು ಅಂದರೆ ಶಾಲೆ, ಆಸ್ಪತ್ರೆ, ಕಚೇರಿ. ಹಸಿರು ಅಂದರೆ ಪಾರ್ಕು. ಹಳದಿ ಜಾಗದಲ್ಲಿ ಯಾರಾದರೂ ದೊಡ್ಡ ಕಾರ್ಖಾನೆ ಹಾಕಲು ಬಂದರೆ ನೀವು ಕೇಳಬಹುದು.

ನಂಜನಗೂಡಿನ ನಕ್ಷೆ ಮೈಸೂರಿನ ಜೊತೆಗೇ ಸೇರಿದೆ. 2031ರವರೆಗಿನ ಯೋಜನೆಗೆ ಮೈಸೂರು-ನಂಜನಗೂಡು ಅಂತಲೇ ಹೆಸರು. ಯಾಕೆ ಅಂತ ಬಸ್ಸಿನ ಕಿಟಕಿಯಿಂದಲೇ ಗೊತ್ತಾಗುತ್ತೆ. ಕಡಕೊಳ, ತಾಂಡವಪುರದ ಕಡೆ ಕಾರ್ಖಾನೆಗಳು ಬಂದು ಎರಡು ಊರೂ ಹತ್ತಿರವಾಗಿವೆ.

ನಕ್ಷೆಯ ಕರಡು ಬಂದಾಗ ಜನರ ಅಭಿಪ್ರಾಯ ಕೇಳಬೇಕು. ಅದಕ್ಕೆ 60 ದಿನ ಸಮಯ. ಕರಡು ಅಂದರೆ ಇನ್ನೂ ತಿದ್ದಬಹುದಾದ ಪ್ರತಿ. ಆಮೇಲೆ ತಿದ್ದಿಸುವುದು ಬಹಳ ಕಷ್ಟ.

ಹೆದ್ದಾರಿ ಮಾತು ಬೇರೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರ ಸರ್ಕಾರದ್ದು. ಪುರಸಭೆ, ನಗರಸಭೆ ತಾವೇ ತೀರ್ಮಾನ ಮಾಡುವ ಹಾಗಿಲ್ಲ. ಆದರೆ ಚರ್ಚೆ ಮಾಡಿ ಠರಾವು ಬರೆದು ಕಳಿಸಬಹುದು. ಚರ್ಚೆಯಲ್ಲಿ ಎರಡು ಮಾತು ಇದ್ದೇ ಇರುತ್ತೆ. "ರಸ್ತೆ ಊರ ಹೊರಗೆ ಹೋದರೆ ವ್ಯಾಪಾರ ಸತ್ತು ಹೋಗುತ್ತೆ" ಅಂತಾರೆ ಅಂಗಡಿಯವರು. "ಲಾರಿ ಊರೊಳಗೆ ಬಂದರೆ ಮಕ್ಕಳು ಶಾಲೆಗೆ ಹೋಗೋದು ಹೇಗೆ?" ಅಂತಾರೆ ತಾಯಂದಿರು. ಎರಡೂ ನಿಜವೇ. ನನ್ನನ್ನು ಕೇಳಿದರೆ ಮಕ್ಕಳ ಮಾತು ಮೊದಲು.

1993ರಲ್ಲಿ ಬಂದ ಸಂವಿಧಾನ ತಿದ್ದುಪಡಿಯಿಂದ ಪುರಸಭೆ, ನಗರಸಭೆಗಳಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರಿಗೆ ಇರಬೇಕು. ಆ ಸದಸ್ಯೆಯ ಮನೆ ಬಾಗಿಲಿಗೆ ನಾವು ಹೋಗಬಹುದಲ್ಲವೆ?

ಹೆದ್ದಾರಿ ಹೇಗೆ ಕಟ್ಟುತ್ತಾರೆ ಅನ್ನುವುದೂ ಮುಖ್ಯ. ಬೆಂಗಳೂರು-ಮೈಸೂರು ದೊಡ್ಡ ಹೆದ್ದಾರಿ ನೋಡಿ. 118 ಕಿಲೋಮೀಟರ್ ಉದ್ದ. 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಕಾರಿನವರಿಗೆ ಸುಖ. ಆದರೆ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು ನಡುರಸ್ತೆಗೆ ಹೋಗುವಂತಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅದಕ್ಕೂ ಹಿಂದೆ, 2022ರ ಆಗಸ್ಟ್ ಮಳೆಗೆ ರಾಮನಗರದ ಹತ್ತಿರ ರಸ್ತೆ ಮೇಲೆಯೇ ನೀರು ನಿಂತಿತ್ತು.

ಇಂಥ ರಸ್ತೆಗೆ ಬೇಕಾದ ಕಡೆ ಹತ್ತಿ ಇಳಿಯಲು ಆಗುವುದಿಲ್ಲ. ಹತ್ತಲು, ಇಳಿಯಲು ಸುತ್ತು ರಸ್ತೆ, ಮೇಲ್ಸೇತುವೆ ಕಟ್ಟುತ್ತಾರೆ. ಇದನ್ನು ಇಂಟರ್‌ಚೇಂಜ್ ಅಂತಾರೆ. ಇದಕ್ಕೆ ಎಕರೆಗಟ್ಟಲೆ ಜಮೀನು ಬೇಕು. ಹಸು ಹೊಡೆದುಕೊಂಡು ಆಚೆ ಹೊಲಕ್ಕೆ ಹೋಗುವವರಿಗೆ ಕೆಳಸೇತುವೆ ಬೇಕು. ಅದು ಎಲ್ಲಿ ಬರುತ್ತೆ? ಎಷ್ಟು ಎತ್ತರ? ಹುಲ್ಲಿನ ಗಾಡಿ ಹೋಗುತ್ತಾ? ಮಳೆ ನೀರು ಎಲ್ಲಿ ಹರಿಯುತ್ತೆ? ಕಟ್ಟುವ ಮೊದಲೇ ಇವನ್ನು ಕೇಳಬೇಕು. ಹೊಲಕ್ಕೆ ನಡೆಯುವವರಿಗೆ ಗೊತ್ತಿರುವುದು ಇಂಜಿನಿಯರಿಗೆ ಗೊತ್ತಿರಬೇಕು ಅಂತೇನಿಲ್ಲ.

ಜಮೀನು ಬೇಕಾದರೆ ಮೊದಲು ಗೆಜೆಟ್‌ನಲ್ಲಿ ಪ್ರಕಟಣೆ ಬರುತ್ತೆ. ಎರಡು ಪತ್ರಿಕೆಯಲ್ಲೂ ಬರುತ್ತೆ. ಒಂದು ನಮ್ಮ ಭಾಷೆಯದಾಗಿರಬೇಕು. ಪ್ರಕಟಣೆಯಲ್ಲಿ ಸರ್ವೆ ನಂಬರು ಹುಡುಕಿ. ಗೆಜೆಟ್‌ನಲ್ಲಿ ಬಂದ ದಿನದಿಂದ 21 ದಿನದೊಳಗೆ ತಕರಾರು ಬರೆದು ಕೊಡಬೇಕು. ಬಾಯಲ್ಲಿ ಹೇಳಿದರೆ ಸಾಲದು. ಯಾರಾದರೂ ಕಾಗದ ತಂದು "ಇಲ್ಲಿ ಹೆಬ್ಬೆಟ್ಟು ಒತ್ತವ್ವ" ಅಂದರೆ ಒತ್ತಬೇಡಿ. ಕೂತು ಓದಿ. ಆಮೇಲೆ ರುಜು.

ನಮ್ಮ ಅಕ್ಕನಿಗೆ ಬಂದದ್ದು ಬರೀ 'ಅಂತೆ' ಸುದ್ದಿ. ಅದು ನಿಜವೋ ಸುಳ್ಳೋ ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕನ್ನಡದಲ್ಲಿ ಬರೆಯಬಹುದು. 30 ದಿನದಲ್ಲಿ ಉತ್ತರ ಕೊಡಬೇಕು.

ಅಕ್ಕ ಆರು ಸಾಲು ಬರೆದರು. 'ಜಗುಲಿ'ಯ ಗುಣಿಸು ಎರಡು ಸಲ ತಪ್ಪಿತು. ಅಳಿಸಿ ಬರೆದರು. ಮರುದಿನ ಕಚೇರಿಗೆ ಹೋಗಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದರು. ಆ ಪ್ರತಿ ಈಗ ಅವರ ಅಕ್ಕಿ ಡಬ್ಬದಲ್ಲಿ ಪಡಿತರ ಚೀಟಿಯ ಜೊತೆ ಇದೆ.