ತಾತನ ಕ್ಯಾಮೆರಾಕ್ಕೆ ಒಂದು ಚೀಲ

ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಹಳೆಯ ಸ್ಟುಡಿಯೊ ಕ್ಯಾಮೆರಾ ಬಹಳ ವರ್ಷಗಳಿಂದ ಕೂತಿತ್ತು. ತೇಗದ ಮರ, ಹಿತ್ತಾಳೆಯ ತಿರುಪು, ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗುವ ಮಡಿಕೆ. ಹೆಸರು ‘ವಾಗೀಶ್ವರಿ’. ಕಳೆದ ಬೇಸಿಗೆಯಲ್ಲಿ ಪಿಯುಸಿ ಓದುವ ನನ್ನ ಮಗಳು ಅದನ್ನು ಕೆಳಗಿಳಿಸಿದಳು. ರಜೆ ಮುಗಿಯುವುದರೊಳಗೆ ತಾತನೇ ಗುರುವಾಗಿ, ಕರಿಬಟ್ಟೆಯೊಳಗೆ ತಲೆ ಹಾಕಿ ಫೋಟೊ ತೆಗೆಯುವುದನ್ನೂ ಕಲಿಸಿದರು.

ದಸರಾ ರಜೆ ಹತ್ತಿರ ಬಂದಾಗ ಅವಳ ಬೇಡಿಕೆ: “ತಾತ, ಇದನ್ನು ಹಂಪಿಗೆ ತಗೊಂಡು ಹೋಗೋಣ.”

ಅಪ್ಪ ಮುಖ ತಿರುಗಿಸಿದರು. “ಬೇಡ ಪುಟ್ಟಿ. ಹಿಂದಿನ ಗಾಜು ಒಡೆದರೆ ಎಲ್ಲಿಂದ ತರೋದು?”

ಅವರ ಭಯ ಸುಳ್ಳಲ್ಲ. ಹಿಂದೊಮ್ಮೆ ಮದುವೆಮನೆಗೆ ಬಸ್ಸಿನಲ್ಲಿ ಹೋಗುವಾಗ ಬಟ್ಟೆ ಚೀಲದಲ್ಲಿದ್ದ ಕ್ಯಾಮೆರಾದ ಮಸುಕು ಗಾಜು ಬಿರುಕು ಬಿಟ್ಟಿತ್ತು. ದೃಶ್ಯ ತಲೆಕೆಳಗಾಗಿ ಮೂಡುವುದು ಈ ಗಾಜಿನ ಮೇಲೆಯೇ. ಅದು ಇಲ್ಲದಿದ್ದರೆ ಫೋಕಸ್ ಮಾಡುವಂತೆಯೇ ಇಲ್ಲ. ಕ್ಯಾಮೆರಾದ ಜತೆ ಬಂದಿದ್ದ ಮರದ ಪೆಟ್ಟಿಗೆಯನ್ನು ಗೆದ್ದಲು ತಿಂದು ಮುಗಿಸಿತ್ತು.

ವಾದ್ಯದ ಮನೆಯಿಂದ ಬಂದ ಕ್ಯಾಮೆರಾ

ವಾಗೀಶ್ವರಿ ನಮ್ಮ ದೇಶದ್ದೇ ಕ್ಯಾಮೆರಾ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಲ್ಲಿ ಕೆ. ಕರುಣಾಕರನ್ ಅವರು ಇದರ ತಯಾರಿಕೆ ಆರಂಭಿಸಿದರು. ಅವರದು ಸಂಗೀತ ವಾದ್ಯಗಳ ಕೆಲಸ ಮಾಡುತ್ತಿದ್ದ ಕುಟುಂಬ. ತಿದಿ ಕಟ್ಟಿ ಪಳಗಿದ ಕೈಗೆ ಕ್ಯಾಮೆರಾದ ಮಡಿಕೆ ಕಷ್ಟವಾಗಲಿಲ್ಲ. ಮುಂದೆ ಈ ಕ್ಯಾಮೆರಾ ದೇಶದ ಎಷ್ಟೋ ಸ್ಟುಡಿಯೊಗಳ ಅನ್ನದ ಬಟ್ಟಲಾಯಿತು.

4×5 ಇಂಚು ಅಥವಾ ಅದಕ್ಕಿಂತ ದೊಡ್ಡ ಹಾಳೆಯ ಮೇಲೆ ಚಿತ್ರ ಹಿಡಿಯುವ ಕ್ಯಾಮೆರಾಗಳಿಗೆ ‘ಲಾರ್ಜ್ ಫಾರ್ಮ್ಯಾಟ್’ ಎನ್ನುತ್ತಾರೆ. ನಮ್ಮದು ‘ಹಾಫ್ ಪ್ಲೇಟ್’, ಅಂದರೆ 4¾×6½ ಇಂಚಿನದು. ಇಂಥವಕ್ಕೆಂದೇ ಮಾಡಿದ ವಿದೇಶಿ ಪೆಟ್ಟಿಗೆಗಳಿವೆ. ಬೆಲೆ ನೋಡಿದ ಮಗಳು, “ಈ ದುಡ್ಡಿನಲ್ಲಿ ನಾವೆಲ್ಲ ಎರಡು ಸಲ ಹಂಪಿಗೆ ಹೋಗಿ ಬರಬಹುದು” ಎಂದಳು.

ಹುಡುಕಾಟ ಶುರು

ಮೊದಲು ಅಳತೆ ತೆಗೆದುಕೊಂಡೆವು. ಮಡಚಿದ ಕ್ಯಾಮೆರಾ ಸುಮಾರು ಹತ್ತಿಂಚು ಉದ್ದಗಲ, ಐದಿಂಚು ದಪ್ಪ. ಸುತ್ತಲೂ ಒಂದೊಂದು ಇಂಚು ಮೆತ್ತೆಗೆ ಜಾಗ ಬೇಕು. ಲೆನ್ಸ್, ಹಾಳೆ ತುಂಬುವ ಹೋಲ್ಡರುಗಳು, ಕರಿಬಟ್ಟೆ ಬೇರೆ.

ತಗಡಿನ ಟ್ರಂಕು ನೋಡಿದೆವು. ಗಟ್ಟಿ, ಆದರೆ ಬರಿದೇ ಎತ್ತಿದರೂ ಭಾರ. ಪ್ಲಾಸ್ಟಿಕ್ ಟೂಲ್ ಬಾಕ್ಸ್ ಅಗ್ಗ, ಆದರೆ ಅಗಲ ಸಾಲದು. ಶಾಲಾ ಬ್ಯಾಗಿನಲ್ಲಿ ಹಿಡಿಸಿತು, ಆದರೆ ಅಕ್ಕಪಕ್ಕದಿಂದ ಗುದ್ದಿದರೆ ಪೆಟ್ಟು ನೇರ ಒಳಗೇ.

ಹೀಗಿರುವಾಗ ಒಂದು ಸಂಜೆ ಪಕ್ಕದ ಮನೆಗೆ ಊಟ ತಲುಪಿಸುವ ಹುಡುಗ ಬಂದ. ಅವನ ಬೆನ್ನಿನ ಮೇಲೆ ಚೌಕಾಕಾರದ ಚೀಲ! ಅಪ್ಪನೇ ಮೊದಲು ಗಮನಿಸಿದ್ದು. “ಬಿಸಿ ಹೊರಗೆ ಹೋಗದಂತೆ ತಡೆಯೋ ಚೀಲ, ಬಿಸಿಲನ್ನೂ ಒಳಗೆ ಬಿಡಲ್ಲ ಅಲ್ವೇನಪ್ಪ?” ಎಂದರು.

ಮಾತು ನಿಜ. ನಾಲ್ಕೂ ಬದಿ ನೆಟ್ಟಗೆ ನಿಲ್ಲುವ ಗೋಡೆ, ಒಳಗೆ ಬೆಳ್ಳಿ ಹಾಳೆ, ಬೆನ್ನಿಗೆ ಪಟ್ಟಿ. ಅಂಥದೇ ಚಿಕ್ಕ ಚೀಲ 600 ರೂಪಾಯಿಗೆ ಸಿಕ್ಕಿತು. ಸೋಫಾ ರಿಪೇರಿ ಅಂಗಡಿಯವರು 150 ರೂಪಾಯಿಗೆ ಗಟ್ಟಿ ಫೋಮ್ ಕತ್ತರಿಸಿ ಕೊಟ್ಟರು. ಮಗಳು ಫೋಮಿಗೆ ಹಳೆಯ ಹತ್ತಿ ಪಂಚೆಯ ಹೊದಿಕೆ ಹೊಲಿದಳು. ಒಟ್ಟು ಖರ್ಚು 750 ರೂಪಾಯಿ.

ನೀವೂ ಮಾಡುವುದಾದರೆ

• ಲೆನ್ಸನ್ನು ಬಿಚ್ಚಿ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಡಿ.
• ಮಸುಕು ಗಾಜಿನ ಮೇಲೆ ಅದೇ ಅಳತೆಯ ದಪ್ಪ ರಟ್ಟು ಕಟ್ಟಿ. ಗಾಜಿನ ಬದಿ ನಿಮ್ಮ ಬೆನ್ನಿನ ಕಡೆಗಿರಲಿ.
• ಹೋಲ್ಡರುಗಳನ್ನು ಪುಸ್ತಕದಂತೆ ನಿಲ್ಲಿಸಿ. ಒಂದೊಂದನ್ನೂ ದೂಳು ಸೇರದಂತೆ ಜಿಪ್ ಕವರಿನಲ್ಲಿಡಿ.
• ಕರಿಬಟ್ಟೆಯನ್ನು ಮಡಚಿ ಮೇಲೆ ಹಾಸಿ. ಅದೇ ಒಂದು ಮೆತ್ತೆ.
• ಮನೆಗೆ ಬಂದ ಮೇಲೆ ಚೀಲದಲ್ಲೇ ಬಿಡಬೇಡಿ. ತೇವ ಕೂತರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಹಳೆಯದಾದ ಫೋಮ್ ಪುಡಿಯಾಗಿ ಅಂಟಿಕೊಳ್ಳುತ್ತದೆ, ಆಗಾಗ ನೋಡಿ ಬದಲಿಸಿ.

ಹಂಪಿಯ ದಾರಿಯಲ್ಲಿ

ಹಂಪಿಯೇ ಏಕೆ? 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಭಾರೀ ಕ್ಯಾಮೆರಾ ಹೊತ್ತು ತಂದು ಅಲ್ಲಿನ ಗುಡಿಗಳ ಚಿತ್ರ ತೆಗೆದಿದ್ದರು. ಅವರ ನೆಗೆಟಿವ್‌ಗಳು ಕಾಗದದವು. ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವಿತ್ತೆಂಬುದು ಆ ಚಿತ್ರದಲ್ಲಿ ಕಾಣುತ್ತದೆ. ಇಂದು ಆ ಗೋಪುರವಿಲ್ಲ, ಚಿತ್ರ ಉಳಿದಿದೆ. ದುಬಾರಿ ಫಿಲ್ಮಿನ ಬದಲು ಫೋಟೊ ಪೇಪರನ್ನೇ ಕತ್ತರಿಸಿ ಹೋಲ್ಡರಿಗೆ ತುಂಬುವ ನನ್ನ ಮಗಳಿಗೆ ಅದು ಗೊತ್ತಾದಂದಿನಿಂದ ಹಂಪಿಯದೇ ಧ್ಯಾನ.

ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆವು. ಚೀಲವನ್ನು ಸೀಟಿನ ಕೆಳಗಿಡಲು ಅಪ್ಪ ಒಪ್ಪಲಿಲ್ಲ. ಹೊಸಪೇಟೆ ಬರುವವರೆಗೂ ತಲೆಯ ಪಕ್ಕದಲ್ಲೇ ಇಟ್ಟುಕೊಂಡು, ಮೇಲೊಂದು ಕೈ ಹಾಕಿ ಮಲಗಿದರು.

ಬೆಳಿಗ್ಗೆ ತುಂಗಭದ್ರೆಯ ದಡದಲ್ಲಿ ಚೀಲ ತೆರೆದೆವು. ಅಪ್ಪ ರಟ್ಟು ಬಿಚ್ಚಿ, ಗಾಜನ್ನು ಬೆಳಕಿಗೆ ಹಿಡಿದು, ನಾಲ್ಕೂ ಮೂಲೆ ನೋಡಿದರು. ಒಂದು ಗೆರೆಯೂ ಬಿದ್ದಿರಲಿಲ್ಲ. ಪೇಪರಿಗೆ ಬೆಳಕು ಸಾಕಾಗಲು ಕೆಲವು ಸೆಕೆಂಡುಗಳೇ ಬೇಕು. “ಬಂಡೆಗಳ ಚಿತ್ರ ತೆಗಿ ಪುಟ್ಟಿ, ಅವು ಅಲುಗಾಡಲ್ಲ” ಎಂದರು ಅಪ್ಪ.

ಆದರೆ ಅವಳು ಮೊದಲು ತೆಗೆದದ್ದು ಬಂಡೆಯ ಮೇಲೆ ಕೂತ ತಾತನ ಚಿತ್ರ. ಅವರೂ ಅಲುಗಾಡಲಿಲ್ಲ.